ಸೊನ್ನೆ ನಂಬರಿನ ಸ್ಲೈಡು

ನಮ್ಮ ಅಡುಗೆಮನೆಯ ಕಿಟಕಿ ಪಕ್ಕ ಒಂದು ಯಂತ್ರವಿದೆ. ನನ್ನ ಹಳೆಯ ಸೀರೆಯ ತುಂಡೊಂದನ್ನು ಹೊದ್ದುಕೊಂಡು ಕೂತಿರುತ್ತದೆ. ಮೊದಲ ಸಲ ಬಂದವರು ಹೊಲಿಗೆ ಯಂತ್ರವೆಂದುಕೊಳ್ಳುತ್ತಾರೆ. ನಮ್ಮ ಯಜಮಾನರು ಸಿಟಿ ಬಸ್ಸು ಓಡಿಸಿ ರಿಟೈರಾದವರು, ಬಾಯಿ ಸುಮ್ಮನಿರಬೇಕಲ್ಲ. "ಅದು ಕಾಯಿ ತುರಿಯೋ ಮಣೆ ಕಣ್ರೀ, ಆಸ್ಪತ್ರೆಯೋರು ಇವಳಿಗೆ ಬಹುಮಾನ ಕೊಟ್ಟಿದ್ದು" ಅಂತ ಬಂದವರನ್ನೆಲ್ಲ ನಗಿಸುತ್ತಾರೆ. ಅದು ತುರಿಯುವುದಿಲ್ಲ, ಕೊಯ್ಯುತ್ತದೆ. ಮೈಕ್ರೋಟೋಮ್ ಅಂತ ಅದರ ಹೆಸರು. ರೋಗಿಯ ಮೈಯಿಂದ ತೆಗೆದ ಮಾಂಸದ ಚೂರನ್ನು ಮೇಣದ ಅಚ್ಚಿನಲ್ಲಿ ಹುದುಗಿಸಿ, ಅದನ್ನು ಈ ಯಂತ್ರಕ್ಕೆ ಸಿಕ್ಕಿಸಿ ಚಕ್ರ ತಿರುಗಿಸಿದರೆ ಈರುಳ್ಳಿಯ ಒಳಪೊರೆಗಿಂತ ತೆಳುವಾದ ಪದರಗಳು ಒಂದರ ಬಾಲಕ್ಕೊಂದು ಅಂಟಿಕೊಂಡು ಇಳಿಯುತ್ತವೆ. ಒಂದೊಂದು ಪದರಕ್ಕೂ ನಾವು ಸೆಕ್ಷನ್ ಅನ್ನುತ್ತೇವೆ. ಅವುಗಳನ್ನು ಗಾಜಿನ ಸ್ಲೈಡಿನ ಮೇಲೆ ಕೂರಿಸಿ, ಬಣ್ಣ ಹಾಕಿ ಕೊಟ್ಟರೆ ಡಾಕ್ಟರು ಮೈಕ್ರೋಸ್ಕೋಪಿನಲ್ಲಿ ನೋಡಿ ರೋಗ ಯಾವುದೆಂದು ಹೇಳುತ್ತಾರೆ.

ರಾಜಾಜಿನಗರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಮೂವತ್ತನಾಲ್ಕು ವರ್ಷ ಆ ಚಕ್ರ ತಿರುಗಿಸಿದವಳು ನಾನು. ಹೊಸ ಯಂತ್ರ ಬಂದಾಗ ಹಳೆಯದನ್ನು ನಾಯಂಡಹಳ್ಳಿಯ ಗುಜರಿ ಗೋಡೌನಿಗೆ ಹಾಕುವುದೆಂದು ತೀರ್ಮಾನವಾಯಿತು. ಆ ತಿಂಗಳೇ ನನಗೂ ರಿಟೈರ್‌ಮೆಂಟು. "ಬೆಳ್ಳಿ ದೀಪ ಕೊಡೋಣ ಅಂತಿದೀವಿ ಮೇಡಂ" ಅಂದರು. "ದೀಪ ಬೇಡ, ಅದನ್ನ ಕೊಡಿ" ಅಂದೆ. ನನಗೆ ತಲೆ ಕೆಟ್ಟಿದೆ ಅಂದುಕೊಂಡರೇನೋ, ಆದರೂ ಕೊಟ್ಟರು. ಅದು ಗುಜರಿಯಲ್ಲಿ ಬಿದ್ದಿರುವುದನ್ನು ನೆನೆಸಿಕೊಂಡರೆ ಸಂಕಟವಾಗುತ್ತಿತ್ತು, ಅಷ್ಟೇ.

ನನಗೆ ಜಂಬ ಜಾಸ್ತಿ. ಅದನ್ನು ನಾನೇ ಹೇಳಿಬಿಡುತ್ತೇನೆ, ಬೇರೆಯವರು ಹೇಳುವ ಮೊದಲು. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಚೂರನ್ನೂ ನಾನು ಕಳೆದವಳಲ್ಲ, ಕೆಡಿಸಿದವಳಲ್ಲ. ಸಾಸಿವೆಕಾಳಿನಷ್ಟು ಚೂರು ಬಂದರೂ ಸ್ಲೈಡು ಮಾಡಿ ಕೊಟ್ಟಿದ್ದೇನೆ. ಆದರೆ ಆ ಕೆಲಸದಲ್ಲಿ ಒಂದು ನೋವಿತ್ತು. ಲ್ಯಾಬಿನ ಹೊರಗೆ ಬೆಂಚಿತ್ತು. ರೋಗಿಗಳ ಕಡೆಯವರು ಅಲ್ಲಿ ಕೂತಿರುತ್ತಿದ್ದರು. ನಾನು ಊಟಕ್ಕೆ ಎದ್ದು ಹೊರಗೆ ಬಂದರೆ ಸಾಕು, ಎಲ್ಲರ ಕಣ್ಣೂ ನನ್ನ ಮೇಲೆ. "ಮೇಡಂ, ರಿಪೋರ್ಟ್ ಬಂತಾ?" ಅನ್ನುವಾಗ ಅವರ ಗಂಟಲು ಒಣಗಿರುತ್ತಿತ್ತು. ನನ್ನ ಸ್ಲೈಡಿಗಾಗಿ ಖುಷಿಯಿಂದ ಕಾದವರನ್ನು ಒಬ್ಬರನ್ನೂ ನಾನು ನೋಡಲಿಲ್ಲ.

ಈ ಮಾತಿಗೂ ಮಹಡಿಯ ಮೇಲಿನ ಹುಡುಗಿಗೂ ಸಂಬಂಧವಿದೆ. ಮಾರೇನಹಳ್ಳಿಯಲ್ಲಿ ನಮ್ಮ ಮಾವನವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಈಗ ನಮ್ಮ ಮನೆ. ಮೇಲೆ ಒಂಟಿ ರೂಮಿದೆ, ಅದರಲ್ಲಿ ವಿಜಯಪುರದ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ನಾಗರಬಾವಿ ಕಡೆಯ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಏನು ಓದ್ತೀಯಮ್ಮಾ ಅಂದರೆ "ಸಮುದ್ರದ ಹುಳಾರೀ ಆಂಟಿ" ಅಂದಳು. ನಮ್ಮ ಯಜಮಾನರು ಕಾಫಿ ಲೋಟ ಕೆಳಗಿಟ್ಟರು. "ವಿಜಾಪುರದಲ್ಲಿ ಸಮುದ್ರ ಯಾವಾಗ ಬಂತಮ್ಮಾ?" ಅಂದರು. "ಇಪ್ಪತ್ತೊಂದನೇ ವರ್ಷದಾಗ ಮೊದಲ್ನೇ ಸಲ ಸಮುದ್ರ ನೋಡೀನ್ರೀ ಅಂಕಲ್. ಅವತ್ತss ಕಲ್ಲು ಎತ್ತಿ ಬುಡಕ ಏನೈತಿ ನೋಡಾಕ ಹತ್ತಿದ್ನಿ" ಅಂತ ನಕ್ಕಳು. ಅವಳ ನಗು ನನಗೆ ಹಿಡಿಸಿತು.

ಒಂದು ದಿನ ಮೊಸರಿಗೆ ಹೆಪ್ಪು ಕೇಳಿಕೊಂಡು ಅಡುಗೆಮನೆಗೆ ಬಂದವಳ ಕಣ್ಣಿಗೆ ಯಂತ್ರ ಬಿತ್ತು. ಸೀರೆ ತುಂಡು ಒಂದು ಕಡೆ ಜಾರಿತ್ತು. ಅವಳು ಹೆಪ್ಪಿನ ಬಟ್ಟಲು ಹಿಡಿದುಕೊಂಡೇ ನಿಂತುಬಿಟ್ಟಳು.

"ಆಂಟೀ, ಇದು ಮೈಕ್ರೋಟೋಮ್ ಅಲ್ಲೇನ್ರೀ?"

"ಹೌದು ಕಣೇ. ನಿಂಗೆ ಹೆಂಗೆ ಗೊತ್ತು?"

"ನಿಮಗ ಇದನ್ನ ನಡಸಾಕ ಬರ್ತೈತೇನ್ರೀ?"

ಮೂವತ್ತನಾಲ್ಕು ವರ್ಷದವಳನ್ನು ಹಿಡಿದು ಬರುತ್ತದೆಯೇ ಅಂತ ಕೇಳಿದರೆ! ರೇಗಿತು. "ಕಣ್ಣು ಕಟ್ಟು, ಆಗ್ಲೂ ಕೊಯ್ತೀನಿ" ಅಂದೆ. ಅವಳು ಅಲ್ಲೇ ನೆಲದ ಮೇಲೆ ಕೂತು ಕಥೆ ಹೇಳತೊಡಗಿದಳು. ಮೇಲೆ ಅವಳ ಹಾಲು ಹೆಪ್ಪಿಗೆ ಕಾಯಬೇಕಾಯಿತು.

ಕುಮಟಾ ಕಡೆಯ ಕಡಲ ದಂಡೆಯಲ್ಲಿ, ನೀರು ಇಳಿದ ಹೊತ್ತು, ಬಂಡೆಗಲ್ಲಿನ ಅಡಿಯಲ್ಲಿ ಅವಳಿಗೆ ಒಂದು ಹುಳು ಸಿಕ್ಕಿತ್ತು. ರಿಬ್ಬನ್ ಹುಳು ಅನ್ನುವ ಜಾತಿ. ಫೋಟೋ ತೋರಿಸಿದಳು. ಕಡು ನೇರಳೆ ಬಣ್ಣ, ಕುತ್ತಿಗೆಯ ಹತ್ತಿರ ಬಿಳಿಯ ಬಳೆ, ಚಪ್ಪಟೆ ಮೈ, ಜಡೆಗೆ ಕಟ್ಟುವ ಟೇಪಿನ ಹಾಗೆಯೇ. ಸುಮ್ಮನಿದ್ದಾಗ ಗೇಣುದ್ದ, ಮೈ ಚಾಚಿದರೆ ಒಂದು ಮೊಳ. ಮೂಗಿನ ತುದಿಯ ತೂತಿನಿಂದ ಬಿಳಿ ದಾರದಂಥ ಸೊಂಡಿಲನ್ನು ಫಕ್ಕನೆ ಹೊರಗೆಸೆದು ಬೇಟೆಯನ್ನು ಸುತ್ತಿ ಹಿಡಿಯುತ್ತದಂತೆ. "ಅಬ್ಬಬ್ಬಾ, ಆನೆ ವಂಶದ್ದು" ಅಂದರು ನಮ್ಮವರು. ಈ ಹುಳುಗಳಿಗೆ ಒಂದು ಕೆಟ್ಟ ಚಾಳಿ ಇದೆ. ಹೆದರಿಕೆಯಾದರೆ ತಾವೇ ತುಂಡುತುಂಡಾಗಿಬಿಡುತ್ತವೆ. ಇವಳು ಬಕೆಟ್ಟಿಗೆ ಹಾಕುವಷ್ಟರಲ್ಲಿ ಅದು ಐದು ತುಂಡಾಗಿತ್ತು. ಅಳುತ್ತಾ ತಲೆಯ ತುಂಡನ್ನೂ ಬಾಲದ ಒಂದು ಚೂರನ್ನೂ ಕಾಪಾಡಿ ತಂದಿದ್ದಳು. ಆಮೇಲೆ ಎರಡು ವರ್ಷ ಹುಡುಕಿದರೂ ಇನ್ನೊಂದು ಸಿಕ್ಕಲಿಲ್ಲ.

ಬಾಲದ ಚೂರನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಿದ್ದಳು. ಪಟ್ಟಿಯಲ್ಲಿರುವ ಯಾವ ಹುಳುವಿಗೂ ಹೊಂದುವುದಿಲ್ಲ ಅಂತ ಬಂತು. ಹಾಗಾದರೆ ಹೊಸದೇ ಆಯಿತಲ್ಲ ಅಂದೆ. ಅಷ್ಟು ಸಲೀಸಲ್ಲವಂತೆ. ನಮ್ಮ ಇದೇ ಕರಾವಳಿಯಿಂದ ಬಹಳ ಹಿಂದೆ ಯಾರೋ ಒಂದು ನೇರಳೆ ಹುಳುವನ್ನು ವರ್ಣಿಸಿ ಹೆಸರಿಟ್ಟಿದ್ದಾರೆ. ಅದರ ಡಿಎನ್‌ಎ ಇಲ್ಲ, ಚಿತ್ರ ಮತ್ತು ಒಳಗಿನ ವಿವರ ಮಾತ್ರ ಇದೆ. ಆ ಹಳೆಯ ಹುಳುವಿನ ಮೂಗಿನ ತುದಿಯಲ್ಲಿ, ವಾಸನೆ ಹಿಡಿಯಲೋ ಏನೋ, ಒಂದೇ ಒಂದು ಗುಳಿ ಇತ್ತು. ಇವಳದ್ದಕ್ಕೂ ಒಂದೇ ಗುಳಿ ಇದ್ದರೆ ಇದು ಆ ಹಳೆಯ ಹುಳುವೇ ಇರಬಹುದು ಅಂತ ಜನ ವಾದ ಮಾಡುತ್ತಾರೆ. ಮೂರು ಗುಳಿ ಇದ್ದರೆ ಯಾರೂ ಬಾಯಿ ತೆರೆಯುವ ಹಾಗಿಲ್ಲ, ಹೊಸದೇ. ಹೊರದೇಶದ ಹಿರಿಯ ಪಂಡಿತರೊಬ್ಬರು ಇವಳ ಗೈಡಿಗೆ ಇಮೇಲಿನಲ್ಲಿ ಅದನ್ನೇ ಬರೆದಿದ್ದರಂತೆ: ತಲೆಯನ್ನು ತುದಿಯಿಂದ ಪದರ ಪದರವಾಗಿ ಕೊಯ್ದು ನೋಡದೆ ನಾನೇನೂ ಹೇಳಲಾರೆ ಅಂತ.

"ನಮ್ಮ ಡಿಪಾರ್ಟ್‌ಮೆಂಟಿನ್ಯಾಗ ಈಗ ಎಲ್ಲಾ ಡಿಎನ್‌ಎನss ರೀ. ಕೊಯ್ಯಾವ್ರು ಯಾರೂ ಇಲ್ಲ. ಇರೋದು ಒಂದss ತಲಿ ಆಂಟಿ. ಕೆಟ್ರ ಕೆಡ್ತು. ನನ್ನ ಫೆಲೋಶಿಪ್ಪೂ ಈ ವರ್ಷಕ್ಕ ಮುಗೀತೈತಿ" ಅಂದಳು. ನಗುವ ಹುಡುಗಿಯ ಮುಖ ಸಣ್ಣಗಾಗಿತ್ತು.

ನಾನು ಒಪ್ಪಿಕೊಂಡೆ. ಒಪ್ಪಿಕೊಂಡೆ ಅನ್ನುವುದು ಸೌಜನ್ಯದ ಮಾತು. ಕೊಡು ಅಂತ ಕಿತ್ತುಕೊಂಡೆ ಅನ್ನುವುದೇ ಸರಿ. ತಲೆಯನ್ನು ಮೇಣದಲ್ಲಿ ಹುದುಗಿಸುವ ಕೆಲಸ ಅವಳ ಯೂನಿವರ್ಸಿಟಿಯಲ್ಲೇ ಆಯಿತು. ಅದಕ್ಕೆ ಮೊದಲು ಒಂದು ಮಾತು ಹೇಳಿಕೊಟ್ಟಿದ್ದೆ. ಮೇಣಕ್ಕೆ ಹಾಕುವ ಮುಂಚೆ ಚೂರನ್ನು ಒಂದು ಗುಲಾಬಿ ಬಣ್ಣದಲ್ಲಿ ಅದ್ದು, ಇಲ್ಲದಿದ್ದರೆ ಬಿಳಿ ಮೇಣದೊಳಗೆ ಅದು ಎಲ್ಲಿದೆ ಅಂತ ಕಾಣುವುದಿಲ್ಲ ಅಂತ. ಆಸ್ಪತ್ರೆಯಲ್ಲಿ ತೀರ ಸಣ್ಣ ಚೂರು ಬಂದರೆ ನಾವು ಮಾಡುತ್ತಿದ್ದದ್ದೇ ಅದು. ಹುಡುಗಿ ಹಾಗೇ ಮಾಡಿದಳು.

ಆ ವಾರವೆಲ್ಲ ನಾನು ಅಭ್ಯಾಸ ಮಾಡಿದೆ. ಕರಿಬೇವಿನ ಕುಂಡದಿಂದ ಎರೆಹುಳು ತೆಗೆದು, ಅವಳ ಕೈಲಿ ಮೇಣದ ಅಚ್ಚು ಮಾಡಿಸಿ, ದಿನಾ ಕೊಯ್ದೆ. ಕೈ ಮರೆತಿರಲಿಲ್ಲ. ಪದರಗಳು ಸರಸರ ಇಳಿದವು. ಯಂತ್ರದ ಕೆಳಗೆ ಬಿದ್ದ ಮೇಣದ ಹೊಟ್ಟನ್ನು ನಾನು ಗುಡಿಸಿ ಬಿಸಾಕಲು ಹೋದರೆ ನಮ್ಮವರು ಬಿಡಲಿಲ್ಲ. ಅವರು ಯಾವುದನ್ನೂ ಬಿಸಾಕುವ ಜನ ಅಲ್ಲ. ನಮ್ಮ ಸಜ್ಜಾದ ಮೇಲೆ ತೊಳೆದಿಟ್ಟ ಹಾಲಿನ ಕವರು, ಹಳೇ ಬಸ್ಸಿನ ಹಾರನ್ನಿನ ರಬ್ಬರು, ಮುರಿದ ಕೊಡೆಯ ಕಡ್ಡಿ, ಏನುಂಟು ಏನಿಲ್ಲ. "ಮೇಣ ಕಣೇ, ಭಾನುವಾರ ಕರಗಿಸಿ ಕ್ಯಾಂಡಲ್ ಮಾಡ್ತೀನಿ. ಕರೆಂಟ್ ಹೋದಾಗ ನೀನೇ ಕೇಳ್ತೀಯ" ಅಂತ ಉಪ್ಪಿನಕಾಯಿಯ ಖಾಲಿ ಬಾಟಲಿಗೆ ತುಂಬಿಟ್ಟರು. "ನಿಮ್ಮ ಗುಜರಿ ಬುದ್ಧಿಗೆ ಬೆಂಕಿ ಹಾಕ" ಅಂದೆ. ದಿನಕ್ಕೆ ಒಂದು ಸಲವಾದರೂ ಅನ್ನುವ ಮಾತೇ ಅದು.

ಬುಧವಾರ ಬೆಳಿಗ್ಗೆ, ತಿಂಡಿ ಮುಗಿದ ಮೇಲೆ, ಹುಳುವಿನ ತಲೆಯಿದ್ದ ಅಚ್ಚನ್ನು ಯಂತ್ರಕ್ಕೆ ಸಿಕ್ಕಿಸಿದೆ. ಹುಡುಗಿ ಕ್ಲಾಸು ತೆಗೆದುಕೊಳ್ಳಬೇಕಿತ್ತು, ಹೊರಟು ನಿಂತವಳು ಬಾಗಿಲಲ್ಲಿ ಮತ್ತೆ ತಿರುಗಿದಳು. "ಆಂಟಿ, ಮೊದಲ್ನೇ ಪದರದಿಂದ ಎಲ್ಲಾ ಬೇಕ್ರೀ. ಏನೂ ಕಾಣಲಿಲ್ಲಂದ್ರೂ ತೆಗದಿಡ್ರೀ."

"ಗೊತ್ತು ಹೋಗೇ. ಬಸ್ ತಪ್ಪುತ್ತೆ."

ಆಸ್ಪತ್ರೆಯ ಕೆಲಸದಲ್ಲಿ ಟ್ರಿಮ್ ಮಾಡುವುದು ಅಂತ ಒಂದು ಪದ್ಧತಿ ಉಂಟು. ಅಚ್ಚು ಸಿಕ್ಕಿಸಿದ ಕೂಡಲೇ ಮೊದಲ ಹತ್ತು ಹನ್ನೆರಡು ಸುತ್ತು ದಪ್ಪದಪ್ಪಗೆ ಕೊಯ್ದು ಎಸೆಯುತ್ತೇವೆ. ಮಾಂಸದ ಚೂರಿನ ಪೂರ್ತಿ ಮುಖ ಕಾಣುವವರೆಗೆ ಬರುವ ಪದರ ಡಾಕ್ಟರಿಗೆ ಬೇಡ. ಕಾವಲಿಯ ಮೇಲಿನ ಮೊದಲ ದೋಸೆ ಇದ್ದ ಹಾಗೆ, ಅದು ಲೆಕ್ಕಕ್ಕಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿತದ್ದು, ದಿನಕ್ಕೆ ನಲವತ್ತು ಸಲ ಮಾಡಿದ್ದು. ಎರೆಹುಳುವಿನಲ್ಲಿ ಅಭ್ಯಾಸ ಮಾಡುವಾಗಲೂ ಹಾಗೇ ಮಾಡಿದ್ದೆ, ಅದರಲ್ಲಿ ತುದಿ ಯಾರಿಗೂ ಬೇಕಿರಲಿಲ್ಲ.

ಚಕ್ರಕ್ಕೆ ಕೈಯಿಟ್ಟೆ. ಅದೇ ಹೊತ್ತಿಗೆ ಬೀದಿಯಲ್ಲಿ ಸೊಪ್ಪಿನವಳು ಬಂದಳು. "ಸೊಪ್ಪೋ... ದಂಟು, ಮೆಂತ್ಯ, ಸಬ್ಸೀಗೆ..." ನಮ್ಮ ಅಡುಗೆಮನೆಯ ಕಿಟಕಿ ಹಳೆಯ ಮರದ್ದು, ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ. ಎಡಗೈಯಿಂದ ಅದನ್ನು ಗುದ್ದಿ ಗುದ್ದಿ ತೆಗೆಯುತ್ತಾ "ಏ ಅಮ್ಮಯ್ಯಾ, ಸಬ್ಸೀಗೆ ನಿನ್ನೇದಾ ಇವತ್ತಿಂದಾ?" ಅಂತ ಕೂಗಿದೆ. ಇವತ್ತಿನದೇ ಅಂದಳು. ಎರಡು ಕಟ್ಟು ಇಡು ಅಂದೆ. ಕಿಟಕಿಗೂ ಇಷ್ಟು ಬೈದೆ. ಅಷ್ಟರಲ್ಲಿ ನನ್ನ ಬಲಗೈ ತನ್ನ ಪಾಡಿಗೆ ತಾನು ಹನ್ನೆರಡು ಸುತ್ತು ತಿರುಗಿಸಿ, ಬ್ರಷ್ಷಿನಿಂದ ಹೊಟ್ಟನ್ನು ಕೆಳಗೆ ತಳ್ಳಿತ್ತು. ನನಗೆ ಗೊತ್ತೇ ಆಗಲಿಲ್ಲ. ಗುಲಾಬಿ ಚುಕ್ಕೆಯ ದುಂಡನೆಯ ಮುಖ ಕಾಣಿಸಿತು, ಆಹಾ ಅಂದುಕೊಂಡು ತೆಳ್ಳಗೆ ಕೊಯ್ಯಲು ಶುರುಮಾಡಿದೆ. ಎರಡು ದಿನದಲ್ಲಿ ಎಂಬತ್ತೆಂಟು ಸ್ಲೈಡುಗಳಾದವು. ಒಂದು ಪದರವೂ ಹರಿಯಲಿಲ್ಲ. ಒಂದರಿಂದ ಎಂಬತ್ತೆಂಟರವರೆಗೆ ನನ್ನ ಕೈಯಿಂದಲೇ ಗಾಜಿನ ಮೇಲೆ ಗೀಚಿ ನಂಬರ್ ಹಾಕಿದೆ. ಹುಡುಗಿ ಪೆಟ್ಟಿಗೆಯನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋದಳು. ನಾನು ಆ ಮಧ್ಯಾಹ್ನ ಸೊಗಸಾಗಿ ನಿದ್ದೆ ಮಾಡಿದೆ.

ಶುಕ್ರವಾರ ಸಂಜೆ ನಾಲ್ಕರ ಕಾಫಿಗೆ ಹಾಲಿಟ್ಟಿದ್ದೆ. ಫೋನು ಬಂತು.

"ಆಂಟಿ..." ಅಂದಳು. "ಭಾಳ ಚಂದ ಬಂದಾವ್ರೀ. ಆದ್ರ ಎರಡನೇ ಸ್ಲೈಡಿನ್ಯಾಗss ಮಿದುಳು ಶುರು ಆಗೇತ್ರೀ. ಮೂಗಿನ ತುದಿ ಇಲ್ಲss ಇಲ್ಲ. ನೀವು ಮೊದಲ್ನೇ ಪದರ ಬ್ಯಾರೆ ಎಲ್ಲೆರ ಇಟ್ಟೀರೇನ್ರೀ?"

ಸೊಪ್ಪಿನವಳ ಕೂಗು, ಕಿಟಕಿ, ಬಲಗೈ, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂತು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು, ನಾನು ನೋಡುತ್ತಾ ನಿಂತಿದ್ದೆ. "ಇಲ್ಲ ಕಣೇ. ಎಸೆದುಬಿಟ್ಟೆ. ನಾನೇ ಎಸೆದುಬಿಟ್ಟೆ" ಅಂದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. "ಇರ್ಲಿ ಬಿಡ್ರೀ ಆಂಟಿ" ಅಂದು ಫೋನಿಟ್ಟಳು. ಆ "ಇರ್ಲಿ ಬಿಡ್ರೀ" ಕೇಳಿ ನನಗೆ ಅಳು ಬಂತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಅವಳ ಎರಡು ವರ್ಷಕ್ಕೆ ನಾನು ದೊಣ್ಣೆಯಾಗಿದ್ದೆ.

ಉಕ್ಕಿದ ಹಾಲಿನ ವಾಸನೆಗೆ ನಮ್ಮವರು ಒಳಗೆ ಬಂದರು. ಹೇಳಿದೆ. ಅವರು ತಲೆ ಕೆರೆದುಕೊಂಡರು. "ಎಸೆದೆ ಅಂದ್ರೆ ಎಲ್ಲಿಗೆ ಎಸೆದೆ?"

"ಅದೇ, ಯಂತ್ರದ ಕೆಳಗೆ. ಹೊಟ್ಟಿನ ಜೊತೆಗೆ."

"ಬುಧವಾರದ ಹೊಟ್ಟೂ ಬಾಟಲೀಲಿ ಇದೆಯಲ್ಲೇ."

ನಾನು ಅವರ ಮುಖ ನೋಡಿದೆ. ಅವರು ಸ್ಟೂಲು ಹತ್ತಿ ಸಜ್ಜಾದ ಮೇಲಿನಿಂದ ಉಪ್ಪಿನಕಾಯಿ ಬಾಟಲಿ ಇಳಿಸಿದರು. ಮುಕ್ಕಾಲು ತುಂಬಿತ್ತು. ಹೋದ ಜೀವ ಬಂತು. ಆದರೆ ಅವರು ಬಾಟಲಿ ಕೊಡದೆ, ಕೈಯಲ್ಲೇ ಹಿಡಿದುಕೊಂಡು ಕಿಟಕಿಯ ಕಡೆ ನೋಡುತ್ತಾ ನಿಂತರು. ನಲವತ್ತು ವರ್ಷದ ಸಂಸಾರ. ಆ ಮುಖ ಕಂಡರೆ ಏನೋ ಎಡವಟ್ಟಾಗಿದೆ ಅಂತ ನನಗೆ ಗೊತ್ತಾಗುತ್ತದೆ.

"ಏನ್ ಮಾಡಿದ್ರಿ?"

"ಒಂದು ಚಿಟಿಕೆ ಕಣೇ, ಒಂದೇ ಚಿಟಿಕೆ. ಮೊನ್ನೆ ನೀನು ಕಿಟಕಿ ಗುದ್ತಾ ಇದ್ಯಲ್ಲ, ಪಾಪ ಅನ್ನಿಸ್ತು. ನಿನ್ನೆ ಬೆಳಿಗ್ಗೆ ಮೇಲಿನ ಹೊಟ್ಟು ಸ್ವಲ್ಪ ತಗೊಂಡು ಅಂಚಿಗೆ ಉಜ್ಜಿದೆ. ಈಗ ನೋಡು, ಒಂದು ಬೆರಳಲ್ಲಿ ತೆಗೀಬಹುದು."

ಹೌದು, ಕಿಟಕಿ ಸದ್ದಿಲ್ಲದೆ ತೆರೆಯಿತು. ಬೈಯಲು ಬಾಯಿ ತೆರೆದೆ. ಆದರೆ ಎಸೆದವಳು ನಾನು, ಎತ್ತಿಟ್ಟವರು ಅವರು. ಜನ್ಮದಲ್ಲಿ ಮೊದಲ ಸಲ ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡೆ.

ಹುಡುಗಿಗೆ ಫೋನು ಮಾಡಿದೆ. ಆಟೋದಲ್ಲಿ ಓಡಿಬಂದಳು. ಫ್ಯಾನು ನಿಲ್ಲಿಸಿ, ಬಾಗಿಲು ಹಾಕಿ, ಊಟದ ಸ್ಟೀಲ್ ತಟ್ಟೆಗಳಲ್ಲಿ ಹೊಟ್ಟನ್ನು ತೆಳ್ಳಗೆ ಹರವಿ, ಮೂರು ಜನ ನೆಲದ ಮೇಲೆ ಕೂತೆವು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಒಂದೊಂದೇ ಸುರುಳಿಯನ್ನು ಒದ್ದೆ ಬ್ರಷ್ಷಿನ ತುದಿಯಿಂದ ಪಕ್ಕಕ್ಕೆ ಸರಿಸುತ್ತಾ ನೋಡಬೇಕು. ಎರೆಹುಳುವಿನದು ಕಂದು ಚುಕ್ಕೆ, ಬರೀ ಮೇಣದ್ದು ಬಿಳಿ. ನಮಗೆ ಬೇಕಾದದ್ದು ಗುಲಾಬಿ ಚುಕ್ಕೆ. ಆ ಬಣ್ಣದಲ್ಲಿ ಅದ್ದಿಸದೆ ಇದ್ದಿದ್ದರೆ ಅವತ್ತು ನಮ್ಮ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಮ್ಮವರು ಪೇಪರ್ ಓದುವ ಭೂತಗನ್ನಡಿ ಹಿಡಿದು ಕೂತಿದ್ದರು. ನಡುವೆ ಪಕ್ಕದ ಮನೆಯ ಮೆಣಸಿನಕಾಯಿ ಒಗ್ಗರಣೆಯ ಘಾಟು ಬಂತು. ಅವರ ಮೂಗು ಅರಳುವುದನ್ನು ಕಂಡ ಹುಡುಗಿ "ಅಂಕಲ್, ಬ್ಯಾಡ್ರೀ!" ಅಂತ ಕಿರುಚಿದಳು. ಅವರು ಮೂಗು ಹಿಡಿದುಕೊಂಡು ಬೀದಿಗೆ ಓಡಿ, ಗೇಟಿನಾಚೆ ನಿಂತು ಏಳು ಸಲ ಸೀನಿ ವಾಪಸ್ಸು ಬಂದರು. ಹುಡುಗಿ ನಕ್ಕಳು. ಅವಳು ನಕ್ಕದ್ದನ್ನು ಕಂಡು ನಾನೂ ನಕ್ಕೆ, ಕಣ್ಣಲ್ಲಿ ನೀರಿದ್ದರೂ.

ಮೊದಲ ಗುಲಾಬಿ ಚುಕ್ಕೆ ಸಿಕ್ಕಿದ್ದು ನಮ್ಮವರಿಗೇ. "ಇದೇನಾ ನೋಡಮ್ಮ" ಅಂದರು. ಅದೇ. ದೀಪ ಹಚ್ಚುವ ಹೊತ್ತಿಗೆ ಏಳು ಸುರುಳಿ ಸಿಕ್ಕಿದವು. ಹನ್ನೆರಡು ಸುತ್ತು ತಿರುಗಿಸಿದ್ದೆ. ಮೊದಲಿನ ಒಂದೆರಡು ಬರೀ ಮೇಣ ಇದ್ದೀತು, ಉಳಿದದ್ದು ಕಿಟಕಿಗೆ ಹೋಗಿರಬೇಕು. ಸಿಕ್ಕಿದ್ದರಲ್ಲಿ ಗುಳಿ ಇದೆಯೋ, ಕಿಟಕಿಗೆ ಹೋದದ್ದರಲ್ಲೇ ಇತ್ತೋ, ಬರಿಗಣ್ಣಿಗೆ ಕಾಣುವ ವಿಷಯವಲ್ಲ.

ಬೋಗುಣಿಯಲ್ಲಿ ನೀರು ಉಗುರುಬೆಚ್ಚಗೆ ಮಾಡಿ ಸುರುಳಿಗಳನ್ನು ತೇಲಿಬಿಟ್ಟೆ. ಬಿಸಿ ಜಾಸ್ತಿಯಾದರೆ ಮೇಣ ಕರಗುತ್ತದೆ, ಕಡಿಮೆಯಾದರೆ ಸುರುಳಿ ಬಿಚ್ಚುವುದಿಲ್ಲ. ಅವು ನಿಧಾನವಾಗಿ ಮೈ ಬಿಚ್ಚಿಕೊಂಡವು. ಯಾವುದು ಮುಂದೆ ಯಾವುದು ಹಿಂದೆ ಅನ್ನುವುದು ಕಷ್ಟವಾಗಲಿಲ್ಲ, ಮೂಗು ಮೊನಚಲ್ಲವೇ, ತುದಿಯ ಚುಕ್ಕೆ ಎಲ್ಲಕ್ಕಿಂತ ಸಣ್ಣದು. ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಒಂದೇ ಸ್ಲೈಡಿನ ಮೇಲೆ ಹತ್ತಿಸಿದೆ. ಒಂದರ ಅಂಚು ಹರಿಯಿತು. ಆಮೇಲೆ ನಂಬರಿನ ಮಾತು ಬಂತು.

"ಇದನ್ನ ಒಂದು ಅಂತ ಮಾಡಿ ಉಳಿದವಕ್ಕೆಲ್ಲಾ ಹೊಸಾ ನಂಬರ್ ಹಾಕೋಣೇನ್ರೀ? ಯಾರಿಗೂ ತಿಳ್ಯಂಗಿಲ್ಲ" ಅಂದಳು ಹುಡುಗಿ. ನನ್ನ ಮಾನ ಉಳಿಸಲು ಹೇಳಿದ ಮಾತು ಅದು, ನನಗೆ ಅರ್ಥವಾಯಿತು. ಒಳ್ಳೆಯ ಮಗು.

"ಬೇಡ ಕಣೇ. ಒಂದರಿಂದ ಎಂಬತ್ತೆಂಟು ನಾನು ಹಾಕಿದ ನಂಬರ್, ಅದು ಹಾಗೇ ಇರ್ಲಿ. ಇದು ಒಂದಕ್ಕಿಂತ ಮುಂಚೆ ಬರಬೇಕಾದ್ದು. ಸೊನ್ನೆ ಹಾಕ್ತೀನಿ." ಗಾಜಿನ ಮೂಲೆಯಲ್ಲಿ ದುಂಡಗೆ ಒಂದು ಸೊನ್ನೆ ಗೀಚಿದೆ. "ನಿನ್ನ ಪುಸ್ತಕದಲ್ಲೂ ಇದ್ದದ್ದು ಇದ್ದ ಹಾಗೆ ಬರಿ. ಟೆಕ್ನೀಶಿಯನ್ನು ಟ್ರಿಮ್ ಮಾಡಿ ಎಸೆದಳು, ಆಮೇಲೆ ಆರಿಸಿದ್ವಿ ಅಂತ."

"ಎಲ್ಲಾರ ಮನೆ ದೋಸೆನೂ ತೂತೇ ಕಣೇ" ಅಂದರು ನಮ್ಮವರು, ಸಮಾಧಾನಕ್ಕೆ.

ಮಾರನೆಯ ದಿನ ಬಣ್ಣ ಹಾಕಲು ಅವಳು ಹೊರಟಾಗ ನಾನೂ ಜೊತೆಗೆ ಹೊರಟೆ. ಮನೆಯಲ್ಲಿ ಕೂರಲು ಆಗುವಂತಿರಲಿಲ್ಲ. ಲ್ಯಾಬಿನಲ್ಲಿ ಜಾಗ ಇಕ್ಕಟ್ಟು, ಬೇರೆ ಹುಡುಗರೂ ಇದ್ದರು. "ಹೊರಗ ಕೂಡ್ರೀ ಆಂಟಿ, ಕರೀತೀನಿ" ಅಂದಳು. ಕಾರಿಡಾರಿನಲ್ಲಿ ಒಂದು ಮರದ ಬೆಂಚಿತ್ತು. ಕೂತೆ. ಬ್ಯಾಗನ್ನು ತೊಡೆಯ ಮೇಲಿಟ್ಟು ಎರಡು ಕೈಯಲ್ಲೂ ಹಿಡಿದುಕೊಂಡೆ.

ಸ್ವಲ್ಪ ಹೊತ್ತಾದ ಮೇಲೆ ತಿಳಿಯಿತು, ನಾನು ಎಲ್ಲಿ ಕೂತಿದ್ದೇನೆ ಅಂತ. ಒಳಗೆ ಯಾರೋ ನನ್ನ ಸ್ಲೈಡನ್ನು ನೋಡುತ್ತಿದ್ದಾರೆ, ಹೊರಗೆ ನಾನು ಬಾಗಿಲು ನೋಡುತ್ತಿದ್ದೇನೆ. ಬಾಗಿಲು ತೆರೆದಾಗಲೆಲ್ಲ ಅರ್ಧ ಎದ್ದು ನಿಲ್ಲುತ್ತಿದ್ದೆ. ಯಾರೋ ಹುಡುಗ ನೀರು ಕುಡಿಯಲು ಬಂದ, "ಏನಪ್ಪಾ, ಆಯ್ತಾ?" ಅಂತ ಕೇಳಿಬಿಟ್ಟೆ. ನನ್ನ ಗಂಟಲೂ ಒಣಗಿತ್ತು. ರಾಜಾಜಿನಗರದ ಆ ಬೆಂಚಿನ ಮೇಲೆ ಕೂತವರು ನೆನಪಾದರು. ಊಟದ ಡಬ್ಬಿ ಹಿಡಿದು "ಇನ್ನೂ ಆಗಿಲ್ಲ ಕಣ್ರಿ, ನಾಳೆ ಬನ್ನಿ" ಅಂತ ಎಷ್ಟು ಸಲ ಅವರನ್ನು ದಾಟಿ ಹೋಗಿದ್ದೆನೋ. ಒಂದು ನಿಮಿಷ ಅವರ ಪಕ್ಕ ಕೂತಿದ್ದರೆ ಏನಾಗುತ್ತಿತ್ತು ಅನ್ನಿಸಿತು.

ಬಾಗಿಲು ದಢಾರನೆ ತೆರೆಯಿತು. ಹುಡುಗಿ ಕೈಯ ಗ್ಲೌಸನ್ನೂ ತೆಗೆಯದೆ ಓಡಿಬಂದಳು.

"ಮೂರ್ ಅದಾವ್ರೀ ಆಂಟಿ! ಮೂರss ಮೂರು!"

ಕಾರಿಡಾರಿನಲ್ಲಿ ಹೋಗುತ್ತಿದ್ದವರೆಲ್ಲ ನಿಂತು ನೋಡಿದರು. ಅವಳು ನನ್ನನ್ನು ತಬ್ಬಿಕೊಂಡಳು. ಬೆಂಚಿನಿಂದ ಏಳುವುದಕ್ಕೂ ಬಿಡಲಿಲ್ಲ. ನಾನು ಅತ್ತೆ. ಸಂತೋಷಕ್ಕೇ ಅತ್ತೆ. ಮೂವತ್ತನಾಲ್ಕು ವರ್ಷದಲ್ಲಿ ನನ್ನ ಸ್ಲೈಡು ನೋಡಿ ಕುಣಿದುಕೊಂಡು ಹೊರಗೆ ಬಂದವರು ಇವಳೊಬ್ಬಳೇ.

ಆಮೇಲೆ ಒಳಗೆ ಕರೆದುಕೊಂಡು ಹೋಗಿ ತೋರಿಸಿದಳು. ಸಾಲಿನ ಮೂರನೆಯ ಪದರ, ಅಂಚು ಹರಿದದ್ದೇ. ಗುಲಾಬಿ ಮತ್ತು ನೀಲಿಯ ನಡುವೆ ಸಣ್ಣ ಸಣ್ಣ ಮೂರು ಗುಳಿಗಳು, ಮೇಲೊಂದು, ಕೆಳಗೆ ಎರಡು. ಮೂರನೆಯದರ ಪಕ್ಕಕ್ಕೇ ಹರಿದಿತ್ತು. ಇನ್ನು ಒಂದು ಕೂದಲೆಳೆ ಈಚೆಗೆ ಹರಿದಿದ್ದರೆ ಎರಡೇ ಉಳಿಯುತ್ತಿದ್ದವು. "ಇದು ಯಾರ ಕಾಯಿಲೇನೂ ಅಲ್ಲ ಅಲ್ವೇನೇ?" ಅಂದೆ. ಅವಳಿಗೆ ಅರ್ಥವಾಗಲಿಲ್ಲ. "ಇಲ್ರೀ ಆಂಟಿ, ಭಾಳ ಗಟ್ಟಿಮುಟ್ಟ ಹುಳಾ ಇತ್ರೀ ಅದು" ಅಂದಳು.

ಹುಳುವಿಗೆ ಹೆಸರು ಬಿತ್ತು. ಲ್ಯಾಟಿನ್ ಹೆಸರು, ಕುತ್ತಿಗೆಯ ಬಿಳಿ ಬಳೆಯನ್ನು ಹಿಡಿದು ಇಟ್ಟದ್ದು. ನಮ್ಮವರಿಗೆ ಇನ್ನೂ ಬಾಯಿ ತಿರುಗುವುದಿಲ್ಲ, "ಬಳೆ ಹುಳ" ಅನ್ನುತ್ತಾರೆ. ಎಂಬತ್ತೊಂಬತ್ತು ಸ್ಲೈಡುಗಳು ಮ್ಯೂಸಿಯಂ ಒಂದಕ್ಕೆ ಹೋದವು. ಇನ್ನು ಮುಂದೆ ಯಾವ ದೇಶದವರಾಗಲಿ ಆ ಹುಳುವಿನ ಮೂಗು ನೋಡಬೇಕೆಂದರೆ ಸೊನ್ನೆ ನಂಬರಿನ ಸ್ಲೈಡು ಕೊಡಿ ಅಂತ ಕೇಳಬೇಕು. ಇದೇನು ಸೊನ್ನೆ ಅಂತ ಅವರಿಗೆ ಅನ್ನಿಸಿಯೇ ಅನ್ನಿಸುತ್ತದೆ. ಅನ್ನಿಸಲಿ.

ಲೇಖನ ಅಚ್ಚಾದ ದಿನ ಹುಡುಗಿ ಅದರ ಪ್ರತಿ ತಂದು ನಮ್ಮ ಅಡುಗೆಮನೆಯಲ್ಲೇ ಕೂತು ಓದಿ ಹೇಳಿದಳು. ನಾನು ಹೇಳಿದಂತೆಯೇ ಬರೆದಿದ್ದಳು: ತಲೆಯ ತುದಿಯ ಸೆಕ್ಷನ್‌ಗಳು ಟ್ರಿಮ್ ಮಾಡುವಾಗ ಬೇರೆಯಾಗಿದ್ದವು, ಏಳನ್ನು ಮೇಣದ ಹೊಟ್ಟಿನಿಂದ ಆರಿಸಲಾಯಿತು, ಉಳಿದವು ಕಳೆದುಹೋಗಿವೆ.

ನಮ್ಮವರು ಮೊದಲ ದೋಸೆ ತಿನ್ನುತ್ತಿದ್ದರು. ಮೊದಲ ದೋಸೆಯನ್ನು ನಾನು ಬಿಸಾಕಲು ಹೋದಾಗಲೆಲ್ಲ ಕೇಳಿ ಹಾಕಿಸಿಕೊಳ್ಳುವವರು ಅವರು. "ಕಳೆದುಹೋಗಿವೆ ಅಂತ ಯಾಕೆ ಬರೆದೆ ಮಗಾ?" ಅಂದರು. "ಇಲ್ಲೇ ಇದಾವಲ್ಲ."

ಎಡಗೈಯ ಒಂದೇ ಬೆರಳಿನಿಂದ ಕಿಟಕಿ ತಳ್ಳಿದರು. ಅದು ಸದ್ದಿಲ್ಲದೆ ತೆರೆಯಿತು. ಬೀದಿಯಲ್ಲಿ ಸೊಪ್ಪಿನವಳು ಬರುತ್ತಿದ್ದಳು. ನಾನು ಎರಡನೆಯ ದೋಸೆ ತೆಗೆದು, ಅದನ್ನೂ ಅವರ ತಟ್ಟೆಗೇ ಹಾಕಿದೆ.